ದೇಶೀಯ ವಿಮಾನಸೇವೆ: ಒಂದು ತೌಲನಿಕ ಸಮೀಕ್ಷೆ

ವ್ಯಾಖ್ಯೆ ಮತ್ತು ಪದಗಳು

ದೇಶೀಯ ವಿಮಾನಸೇವೆ ಎಂದರೆ ಒಂದೇ ದೇಶದ ಎರಡು ಊರುಗಳ ನಡುವೆ ಪ್ರಕಟಿತ ವೇಳಾಪಟ್ಟಿಯಂತೆ ನಡೆಯುವ, ಟಿಕೆಟು ಕೊಂಡ ಎಲ್ಲರಿಗೂ ತೆರೆದಿರುವ ವಿಮಾನ ಸಾರಿಗೆ. 1944ರ ಷಿಕಾಗೊ ಒಪ್ಪಂದದ 7ನೆಯ ವಿಧಿಯಂತೆ, ತನ್ನ ನೆಲದೊಳಗಿನ ಎರಡು ಸ್ಥಳಗಳ ನಡುವೆ ಹಣ ಪಡೆದು ಜನರನ್ನೂ ಸರಕನ್ನೂ ಸಾಗಿಸುವ ಹಕ್ಕನ್ನು ಪರದೇಶದ ವಿಮಾನಗಳಿಗೆ ಯಾವ ರಾಷ್ಟ್ರವೂ ನಿರಾಕರಿಸಬಹುದು. ಈ ಹಕ್ಕಿಗೆ ಕ್ಯಾಬೊಟಾಜ್ ಎಂದು ಹೆಸರು. ಅಂತರರಾಷ್ಟ್ರೀಯ ಸೇವೆಯನ್ನು ಎರಡು ಸರ್ಕಾರಗಳು ಮಾತಾಡಿ ಗೊತ್ತುಮಾಡಿದರೆ, ದೇಶೀಯ ಸೇವೆಯ ಹೊಣೆ ಪೂರ್ತಿಯಾಗಿ ಒಂದೇ ಸರ್ಕಾರದ್ದು. ಯಾವ ಊರಿಗೆ ವಿಮಾನ ಇಳಿಯುತ್ತದೆ, ಯಾವ ದರಕ್ಕೆ, ಅದು ರದ್ದಾದರೆ ಪ್ರಯಾಣಿಕನಿಗೆ ಏನು ಸಿಗುತ್ತದೆ ಎಂಬ ಪ್ರತಿಯೊಂದರ ಹಿಂದೆಯೂ ಆ ದೇಶ ಮಾಡಿದ, ಇಲ್ಲವೆ ಮಾಡದೆ ಬಿಟ್ಟ, ತೀರ್ಮಾನವೊಂದು ಇರುತ್ತದೆ. ಆದ್ದರಿಂದ ದೇಶದೇಶಗಳ ವಿಮಾನಸೇವೆಯ ಹೋಲಿಕೆ ಮೂಲತಃ ನೀತಿಗಳ ಹೋಲಿಕೆ.

ಇಂಥ ಹೋಲಿಕೆಗಳು ಸಾಮಾನ್ಯವಾಗಿ ಸರಾಸರಿ ದರ, ವರ್ಷದ ಪ್ರಯಾಣಿಕರ ಸಂಖ್ಯೆ ಮತ್ತು ವೇಳೆಪಾಲನೆಯ ಶೇಕಡಾವಾರನ್ನು ಅವಲಂಬಿಸುತ್ತವೆ. ಈ ಅಂಕಿಗಳಿಗೆ ಬೆಲೆಯಿಲ್ಲವೆಂದಲ್ಲ, ಆದರೆ ಯಾರೂ ಸರಾಸರಿಯಲ್ಲಿ ಪ್ರಯಾಣ ಮಾಡುವುದಿಲ್ಲ. ಮುಂಬಯಿಯ ಪಶ್ಚಿಮ ಉಪನಗರವಾದ ಕಾಂದಿವಲಿಯಲ್ಲಿ ನೆಲೆಸಿ, ಉಡುಪಿ ಅಥವಾ ದಕ್ಷಿಣ ಕನ್ನಡದಲ್ಲಿ ಊರಮನೆ ಉಳಿಸಿಕೊಂಡಿರುವ ತುಳು-ಕನ್ನಡ ಕುಟುಂಬಕ್ಕೆ ಮುಂಬಯಿ–ದೆಹಲಿ ನಡುವಿನ ಅಗ್ಗದ ಟಿಕೆಟಿನಿಂದ ಆಗಬೇಕಾದ್ದೇನೂ ಇಲ್ಲ. ಅದರ ಮಟ್ಟಿಗೆ ಭಾರತದ ವಿಮಾನಸೇವೆ ಎಂದರೆ ಸುಮಾರು 715 ಕಿಲೊಮೀಟರಿನ ಮುಂಬಯಿ–ಮಂಗಳೂರು ಮಾರ್ಗ. ಈ ಲೇಖನ ಮಾರ್ಗವನ್ನೇ ಅಳತೆಯ ಘಟಕವಾಗಿ ಹಿಡಿದು, ಆ ಒಂದು ಮಾರ್ಗವನ್ನು ಉದ್ದಕ್ಕೂ ಎದುರಿಗಿಟ್ಟುಕೊಂಡು ಇತರ ದೇಶಗಳನ್ನು ನೋಡುತ್ತದೆ. ಇಲ್ಲಿ ಮುಖ್ಯ ಮಾರ್ಗ ಎಂದರೆ ಮಹಾನಗರಗಳ ನಡುವಣ ದಟ್ಟ ಮಾರ್ಗ. ತೆಳು ಮಾರ್ಗ ಎಂದರೆ ಸರ್ಕಾರದ ನೆರವಿಲ್ಲದೆ ನಡೆಯಲಾರದ ಮಾರ್ಗ. ಇವೆರಡರ ಮಧ್ಯದ್ದು ನಡುವಣ ಮಾರ್ಗ. ವಿಮಾನನೀತಿಗಳೆಲ್ಲ ಮುಖ್ಯ ಮಾರ್ಗಕ್ಕೆ ಪೈಪೋಟಿಯನ್ನೂ ತೆಳು ಮಾರ್ಗಕ್ಕೆ ಸಹಾಯಧನವನ್ನೂ ಒದಗಿಸುತ್ತ ಬಂದಿವೆ. ಹೆಚ್ಚಿನ ಜನರ ಹುಟ್ಟೂರುಗಳಿರುವ ನಡುವಣ ಮಾರ್ಗಕ್ಕೆ ಇವೆರಡೂ ಪೂರ್ತಿಯಾಗಿ ದಕ್ಕುವುದಿಲ್ಲ. ಅಲ್ಲಿ ಪ್ರಯಾಣಿಕನನ್ನು ಕಾಯುವುದು ವಿಮಾನನೀತಿಗೆ ಹೊರಗಿನ ಎರಡು ಸಂಗತಿಗಳು: ನೆಲದ ಮೇಲಿನ ಬದಲಿ ದಾರಿ ಮತ್ತು ಸೇವೆ ಕೆಟ್ಟಾಗ ನೆರವಿಗೆ ಬರುವ ಕಾನೂನು. ದೇಶಗಳ ನಡುವೆ ನಿಜವಾದ ಅಂತರ ಕಾಣುವುದು ಇಲ್ಲಿಯೇ.

ಹುಟ್ಟು

ವೇಳಾಪಟ್ಟಿಯ ಪ್ರಯಾಣಿಕ ಸೇವೆ ಹುಟ್ಟಿದ್ದೇ ದೇಶೀಯ ಸೇವೆಯಾಗಿ. 1914ರ ಜನವರಿ 1ರಂದು ಅಮೆರಿಕದ ಫ್ಲಾರಿಡಾದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಟ್ಯಾಂಪಾ ನಡುವೆ ಕೊಲ್ಲಿಯನ್ನು ದಾಟಿ ಹಾರಿದ ನೀರುವಿಮಾನ ಒಂದೇ ಪ್ರಯಾಣಿಕನನ್ನು ಒಯ್ದಿತ್ತು. ಭಾರತದಲ್ಲಿ ಮೊದಲು ಹಾರಿದ್ದು ಅಂಚೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಯ ಜುಹು ನಿಲ್ದಾಣಕ್ಕೆ ಪಸ್ ಮಾತ್ ವಿಮಾನದಲ್ಲಿ ಅಂಚೆ ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಹೀಗೆ ಟಾಟಾ ಅವರ ಮೊದಲ ವಾಯುಮಾರ್ಗದ ನಿಲುಗಡೆಗಳಲ್ಲಿ ಒಂದು ಕನ್ನಡನಾಡಿನಲ್ಲೇ ಇತ್ತು. ಮುಂದೆ ಬಳ್ಳಾರಿ ದಶಕಗಳ ಕಾಲ ನಿಯತ ಸೇವೆಯ ನಕಾಶೆಯಿಂದ ಮಾಯವಾದದ್ದು, ವಿಮಾನ ಬಂದ ಊರಿಗೆ ಅದು ಉಳಿಯುತ್ತದೆ ಎಂಬ ಭರವಸೆಯಿಲ್ಲ ಎನ್ನುವುದಕ್ಕೆ ತೀರ ಹಳೆಯ ನಿದರ್ಶನ. 1949ರ ಜನವರಿಯಲ್ಲಿ ಆರಂಭವಾದ ರಾತ್ರಿ ಅಂಚೆ ವಿಮಾನಗಳು ಮುಂಬಯಿ, ದೆಹಲಿ, ಕೋಲ್ಕತ್ತ, ಮದರಾಸುಗಳಿಂದ ಹೊರಟು ನಾಗಪುರದಲ್ಲಿ ಸೇರಿ, ಚೀಲಗಳನ್ನು ಬದಲಾಯಿಸಿಕೊಂಡು ಮರಳುತ್ತಿದ್ದವು. ಅಮೆರಿಕದ ಸಂಸ್ಥೆಗಳು ಮುಂದೆ ದೊಡ್ಡ ಪ್ರಮಾಣದಲ್ಲಿ ಬೆಳೆಸಿದ ಕೇಂದ್ರನಿಲ್ದಾಣ ಪದ್ಧತಿಯ ತಿರುಳು ಇದೇ. ಮಂಗಳೂರಿನ ಬಜಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ತೆರೆಯಿತು. ಅಂದು ಪ್ರಧಾನಿ ಜವಾಹರಲಾಲ್ ನೆಹರು ಡಿಸಿ-3 ವಿಮಾನದಲ್ಲಿ ಬಂದಿಳಿದರು.

ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ, ರಾಜಕೀಯ ಬೇರೆ ಬೇರೆಯಾದರೂ, ವಿಮಾನಸೇವೆಯನ್ನು ಮಾರುಕಟ್ಟೆಗೆ ಬಿಡಲಾಗದು ಎಂಬ ವಿಷಯದಲ್ಲಿ ಬಹುತೇಕ ದೇಶಗಳು ಒಮ್ಮತದಿಂದಿದ್ದವು. ಅಮೆರಿಕದಲ್ಲಿ 1940ರಿಂದ ಸಿವಿಲ್ ಏರೊನಾಟಿಕ್ಸ್ ಬೋರ್ಡ್ ಮಾರ್ಗವನ್ನೂ ದರವನ್ನೂ ಗೊತ್ತುಮಾಡುತ್ತಿತ್ತು. ಆಸ್ಟ್ರೇಲಿಯ 1952ರಿಂದ ಒಂದು ಸರ್ಕಾರಿ, ಒಂದು ಖಾಸಗಿ ಎಂಬ ದ್ವಿಸಂಸ್ಥೆ ನೀತಿಯನ್ನು ಪಾಲಿಸಿತು. ಜಪಾನ್ 1970ರ ದಶಕದ ಆರಂಭದಲ್ಲಿ ಮೂರು ಸಂಸ್ಥೆಗಳಿಗೆ ಮಾರ್ಗಗಳನ್ನು ಹಂಚಿಕೊಟ್ಟಿತು. ಭಾರತ 1953ರಲ್ಲಿ ವಾಯು ನಿಗಮಗಳ ಕಾಯ್ದೆ ತಂದು ಎಂಟು ಸಂಸ್ಥೆಗಳನ್ನು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಸಿತು. ಈ ಕಟ್ಟು ಮೊದಲು ಸಡಿಲಿದ್ದು ಅಮೆರಿಕದ 1978ರ ಕಾಯ್ದೆಯಿಂದ. ಆಸ್ಟ್ರೇಲಿಯ 1990ರಲ್ಲಿ, ಭಾರತ 1994ರಲ್ಲಿ, ಯುರೋಪಿನ ಒಕ್ಕೂಟ 1993ರಿಂದ 1997ರ ನಡುವೆ ಹಂತಹಂತವಾಗಿ, ಜಪಾನ್ ದರದ ಮಟ್ಟಿಗೆ 2000ದಲ್ಲಿ ಅದೇ ದಾರಿ ಹಿಡಿದವು. ಎಲ್ಲೆಡೆ ಕಿತ್ತುಹಾಕಿದ್ದು ಒಂದೇ ಬಗೆಯ ಕಟ್ಟು. ಆ ಜಾಗದಲ್ಲಿ ಏನನ್ನು ಇಟ್ಟರು ಎಂಬಲ್ಲಿ ದೇಶಗಳು ಬೇರೆಯಾದವು. ಅಮೆರಿಕ ತನ್ನ 1978ರ ಕಾಯ್ದೆಯಲ್ಲೇ ಸಣ್ಣ ಊರುಗಳ ಸೇವೆಗೆ ಸಹಾಯಧನದ ಏರ್ಪಾಟು ಮಾಡಿತು. ಭಾರತ 1994ರಲ್ಲಿ ಮಾರ್ಗ ಹಂಚಿಕೆಯ ನಿಯಮ ತಂದಿತು. ಯುರೋಪು ಸಾರ್ವಜನಿಕ ಸೇವಾ ಹೊಣೆ ಎಂಬ ಗುತ್ತಿಗೆ ಪದ್ಧತಿಯನ್ನೂ, ಕೆಲ ವರ್ಷಗಳ ಬಳಿಕ ಪ್ರಯಾಣಿಕರ ಪರಿಹಾರದ ಕಾನೂನನ್ನೂ ತಂದಿತು.

ರಚನೆ

ಯಾವುದೇ ದೇಶದ ದೇಶೀಯ ಸೇವೆ ವಿಮಾನ ಸಂಸ್ಥೆ, ನಿಲ್ದಾಣ, ನಿಯಂತ್ರಕ ಎಂಬ ಮೂರು ಅಂಗಗಳ ಮೇಲೆ ನಿಂತಿದೆ. ಭಾರತದಲ್ಲಿ ನಿಯಂತ್ರಕ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. 1934ರ ವಿಮಾನ ಕಾಯ್ದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಒಡೆತನದ ನಿಯಮಗಳಲ್ಲಿ ಅಂತರ ಹೆಚ್ಚು. ಅಮೆರಿಕ ವಿದೇಶಿಯರ ಮತದ ಪಾಲನ್ನು ಶೇ 25ಕ್ಕೆ ಮಿತಿಗೊಳಿಸಿದೆ. ಭಾರತದಲ್ಲಿ ವಿದೇಶಿ ವಿಮಾನ ಸಂಸ್ಥೆ ಶೇ 49ರವರೆಗೆ ಪಾಲು ಹೊಂದಬಹುದು. ಆಸ್ಟ್ರೇಲಿಯದಲ್ಲಿ ಪೂರ್ತಿ ವಿದೇಶಿ ಒಡೆತನದ ಸಂಸ್ಥೆಯೂ ದೇಶೀಯ ಸೇವೆ ನಡೆಸಬಹುದು. ಯುರೋಪು ಇನ್ನೂ ಮುಂದೆ ಹೋಗಿ ಕ್ಯಾಬೊಟಾಜ್ ಹಕ್ಕನ್ನೇ ಸದಸ್ಯ ದೇಶಗಳ ಸಂಸ್ಥೆಗಳಿಗೆಲ್ಲ ಕೊಟ್ಟಿದ್ದರಿಂದ ಇಟಲಿಯ ಒಳಗಿನ ಮಾರ್ಗಗಳಲ್ಲಿ ಐರ್ಲೆಂಡಿನ ರಯನೇರ್ ದೊಡ್ಡ ಸಂಸ್ಥೆಯಾಗಿ ಬೆಳೆದಿದೆ.

ಚರ್ಚೆಯಲ್ಲಿ ಕಡಿಮೆ ಬರುವ, ಆದರೆ ನಡುವಣ ಮಾರ್ಗದ ಹಣೆಬರಹ ಬರೆಯುವ ಅಂಶ ಸ್ಲಾಟ್, ಅಂದರೆ ನಿಲ್ದಾಣದಲ್ಲಿ ಏರಲು ಇಳಿಯಲು ಸಿಗುವ ಗೊತ್ತಾದ ವೇಳೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ನಿಲ್ದಾಣದಲ್ಲಿ ಎರಡು ರನ್‌ವೇಗಳಿದ್ದರೂ ಅವು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಬಳಕೆಯಾಗುವುದು ಒಂದೇ. ಗಂಟೆಗೆ 46ರ ಆಸುಪಾಸಿನಲ್ಲಿ ಹಾರಾಟಗಳು ನಡೆಯುವ ಈ ನಿಲ್ದಾಣ 2023ರ ನವೆಂಬರ್ 11ರಂದು ಒಂದೇ ದಿನ 1,032 ವಿಮಾನಗಳನ್ನು ನಿಭಾಯಿಸಿತು. ಇಷ್ಟು ಇಕ್ಕಟ್ಟಿನಲ್ಲಿ 180 ಆಸನದ ಏರ್‌ಬಸ್ಸಿಗೂ 70 ಆಸನದ ಎಟಿಆರ್‌ಗೂ ಬೇಕಾಗುವ ಸ್ಲಾಟ್ ಒಂದೇ. ಸಂಸ್ಥೆ ಅದನ್ನು ಹೆಚ್ಚು ಗಳಿಕೆಯ ಮಾರ್ಗಕ್ಕೆ ಕೊಡುವುದು ಲೆಕ್ಕಾಚಾರದ ಮಾತು, ದುರುದ್ದೇಶದ್ದಲ್ಲ. ಇದೇ ತೊಡಕು ಟೋಕಿಯೊದ ಹನೇಡಾದಲ್ಲೂ ಲಂಡನ್ನಿನಲ್ಲೂ ಇದೆ. ಜಪಾನ್ ಹನೇಡಾದ ಕೆಲವು ಸ್ಲಾಟ್‌ಗಳನ್ನು ಪ್ರಾಂತೀಯ ಊರುಗಳ ಸೇವೆಗೆಂದೇ ಮೀಸಲಿಟ್ಟಿದೆ. ಬ್ರಿಟನ್ ಕಾರ್ನ್‌ವಾಲಿನ ನ್ಯೂಕೀಯಿಂದ ಲಂಡನ್ನಿಗೆ ಸಾರ್ವಜನಿಕ ಸೇವಾ ಹೊಣೆಯ ಅಡಿ ಸೇವೆ ನಡೆಸಿದೆ. ದೂರದ ಊರಿಗೆ ರಾಜಧಾನಿಯ ಬಾಗಿಲು ತೆರೆದಿರಬೇಕಾದರೆ ಆ ಬಾಗಿಲನ್ನು ಯಾರಾದರೂ ಹಿಡಿದು ನಿಲ್ಲಬೇಕು ಎಂಬುದನ್ನು ಈ ದೇಶಗಳು ಒಪ್ಪಿಕೊಂಡಿವೆ.

ಇಂಧನದ ತೆರಿಗೆ ರಚನೆಯ ಇನ್ನೊಂದು ಅಂಗ. ಭಾರತದಲ್ಲಿ ವಿಮಾನ ಇಂಧನ ಜಿಎಸ್‌ಟಿಯ ಹೊರಗಿದ್ದು ರಾಜ್ಯಗಳ ಮೌಲ್ಯವರ್ಧಿತ ತೆರಿಗೆಗೆ ಒಳಪಟ್ಟಿದೆ. ಮಹಾರಾಷ್ಟ್ರ 2023ರ ಬಜೆಟ್ಟಿನಲ್ಲಿ ಮುಂಬಯಿ, ಪುಣೆ, ರಾಯಗಡಗಳಲ್ಲಿ ಅದನ್ನು ಶೇ 25ರಿಂದ 18ಕ್ಕೆ ಇಳಿಸಿತು. ಇಳಿಸಿದ ಮೇಲೂ ಅದು ಸಣ್ಣ ಹೊರೆಯಲ್ಲ.

ಬಗೆಗಳು

ಮುಖ್ಯ ಮಾರ್ಗಗಳಲ್ಲಿ ಸೋಲ್–ಜೆಜು ಜಗತ್ತಿನಲ್ಲೇ ಅತಿ ದಟ್ಟವಾದದ್ದು. ಜೆಜು ದ್ವೀಪವಾದ್ದರಿಂದ ರೈಲಿನ ಮಾತೇ ಇಲ್ಲ. ಟೋಕಿಯೊ–ಸಪ್ಪೊರೊ, ಸಿಡ್ನಿ–ಮೆಲ್ಬರ್ನ್, ಮುಂಬಯಿ–ದೆಹಲಿ ಇದೇ ಗುಂಪಿನವು. ಇವುಗಳಲ್ಲಿ ಕೆಲವು ಲಾಳಿಯಂತೆ ಹೋಗಿಬರುವ ಸೇವೆಯಾಗಿ ಬೆಳೆದವು: ರಿಯೊ–ಸಾವೊ ಪಾಲೊ ವಾಯುಸೇತುವೆ 1959ರಲ್ಲಿ, ಮ್ಯಾಡ್ರಿಡ್–ಬಾರ್ಸಿಲೋನಾ 1974ರಲ್ಲಿ. ಇಲ್ಲಿ ಪೈಪೋಟಿ ಸಹಜ; ನೀತಿ ತಪ್ಪಿದರೂ ಸೇವೆ ನಿಲ್ಲುವುದಿಲ್ಲ.

ತೆಳು ಮಾರ್ಗಗಳ ಮಾದರಿ ನಾರ್ವೆ. ಅಲ್ಲಿನ ಕಡಲಕೊರಕಲಿನ ಊರುಗಳಿಗೆ ರಸ್ತೆಯಲ್ಲಿ ಹೋಗಬೇಕಾದರೆ ಸುತ್ತು ಬಳಸಬೇಕು, ದೋಣಿ ಹಿಡಿಯಬೇಕು. ಆದ್ದರಿಂದ 800 ಮೀಟರಿನ ಸಣ್ಣ ರನ್‌ವೇಗಳನ್ನು ಕಟ್ಟಿ, ವಿಡೆರ್ಯೊ ಸಂಸ್ಥೆಯ ಡ್ಯಾಷ್-8 ವಿಮಾನಗಳು ಇಳಿಯುವಂತೆ ಮಾಡಿದ್ದಾರೆ. ಸರ್ಕಾರ ಗರಿಷ್ಠ ದರ ಗೊತ್ತುಮಾಡಿ ಟೆಂಡರು ಕರೆಯುತ್ತದೆ. ಅವಧಿ ಮುಗಿದರೆ ಮತ್ತೆ ಕರೆಯುತ್ತದೆ. ಭಾರತದ ಉಡಾನ್ ಯೋಜನೆ 2016ರಲ್ಲಿ ಘೋಷಣೆಯಾಗಿ, 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ವಿಮಾನದೊಂದಿಗೆ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಆಸನಗಳಲ್ಲಿ 2,500 ರೂಪಾಯಿಯ ಮಿತಿ, ಮೂರು ವರ್ಷ ಒಂದೇ ಸಂಸ್ಥೆಗೆ ಮಾರ್ಗದ ಹಕ್ಕು, ನಷ್ಟ ತುಂಬಲು ಧನ ಎಂಬುದು ಅದರ ಮೂಲ ರೂಪ. ಕರ್ನಾಟಕದಲ್ಲಿ ಮೈಸೂರು, ವಿದ್ಯಾನಗರ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬೀದರ್ ಇದರ ಫಲ ಕಂಡವು. ಆದರೆ ಮಹಾಲೇಖಪಾಲರ 2023ರ ವರದಿಯಂತೆ ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಅವಧಿ ಮುಗಿದ ಮೇಲೂ 2023ರ ಮಾರ್ಚ್ ವೇಳೆಗೆ ಉಳಿದಿದ್ದವು 54. ಬೀದರಿಗೆ 2020ರಲ್ಲಿ ಬಂದ ವಿಮಾನ ನಿಂತು, 2025ರಲ್ಲಿ ಮತ್ತೆ ಬರಬೇಕಾಯಿತು. ಮೂರು ವರ್ಷದಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂದು ಉಡಾನ್ ಎಣಿಸಿತು. ನಾರ್ವೆ ಹಾಗೆ ಎಣಿಸಲಿಲ್ಲ. ಕೆಲವು ಮಾರ್ಗಗಳು ಎಂದೂ ಲಾಭಕ್ಕೆ ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಹಣ ತೆಗೆದಿಟ್ಟಿತು.

ನಡುವಣ ಮಾರ್ಗಕ್ಕೆ ಬಂದರೆ, 1994ರ ಮಾರ್ಗ ಹಂಚಿಕೆ ನಿಯಮವನ್ನು ಓದಿದರೆ ಸಾಕು, ಅದು ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ. ಆ ನಿಯಮ ಹನ್ನೆರಡು ಮಾರ್ಗಗಳನ್ನು ಮೊದಲ ವರ್ಗದಲ್ಲಿಟ್ಟಿತು. ಮುಂಬಯಿ–ಬೆಂಗಳೂರು, ಮುಂಬಯಿ–ತಿರುವನಂತಪುರ ಅದರಲ್ಲಿದ್ದವು. ಈಶಾನ್ಯ, ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಗಳು ಎರಡನೆಯ ವರ್ಗ. ಉಳಿದುದೆಲ್ಲ ಮೂರನೆಯದು. ಮುಂಬಯಿ–ಮಂಗಳೂರು ಸೇರಿದ್ದು ಈ ಉಳಿದುದರಲ್ಲಿ. ಮೊದಲ ವರ್ಗದ ಸಾಮರ್ಥ್ಯದ ಅರ್ಧದಷ್ಟನ್ನು ಮೂರನೆಯ ವರ್ಗಕ್ಕೆ ಒದಗಿಸಬೇಕು ಎಂದು ನಿಯಮ ಹೇಳಿತೇ ಹೊರತು ಯಾವ ಊರಿಗೆ ಎಂದು ಹೇಳಲಿಲ್ಲ. ಸಂಸ್ಥೆ ಬೇರೆ ಊರಿಗೆ ಹಾರಿ ಲೆಕ್ಕ ತುಂಬಿಸಿದರೆ ಮಂಗಳೂರಿನ ವಿಮಾನ ಕಡಿಮೆಯಾದರೂ ನಿಯಮ ಮುರಿದಂತಾಗುವುದಿಲ್ಲ. 2016ರ ನೀತಿ ಆ ಪಾಲನ್ನು ಶೇ 35ಕ್ಕೆ ಇಳಿಸಿತು.

ನೆಲದ ದಾರಿ ಮತ್ತು ದರ

ವಿಮಾನದ ದರಕ್ಕೆ ಕಡಿವಾಣ ಹಾಕುವ ಶಕ್ತಿ ಇನ್ನೊಂದು ವಿಮಾನಕ್ಕಿಂತ ರೈಲಿಗೆ ಹೆಚ್ಚು. ಟೋಕಿಯೊ–ಒಸಾಕಾ ನಡುವೆ 1964ರ ಅಕ್ಟೋಬರ್ 1ರಿಂದ ಷಿಂಕನ್‌ಸೆನ್ ಓಡುತ್ತಿದೆ. ಈಗ ಎರಡೂವರೆ ಗಂಟೆಯ ಪ್ರಯಾಣ, ಕೆಲವೇ ನಿಮಿಷಕ್ಕೊಂದು ರೈಲು. ಅಲ್ಲಿ ಹಬ್ಬದ ವಾರದಲ್ಲಿ ವಿಮಾನ ಸಂಸ್ಥೆ ದರವನ್ನು ಮೂರು ಪಟ್ಟು ಏರಿಸಿದರೆ ಪ್ರಯಾಣಿಕ ರೈಲು ನಿಲ್ದಾಣಕ್ಕೆ ನಡೆಯುತ್ತಾನೆ. ಮ್ಯಾಡ್ರಿಡ್–ಬಾರ್ಸಿಲೋನಾ ವಾಯುಸೇತುವೆಯ ಯಜಮಾನಿಕೆಯನ್ನು 2008ರ ವೇಗದ ರೈಲು ಕಿತ್ತುಕೊಂಡಿತು. ಚೀನಾದಲ್ಲಿ 45,000 ಕಿಲೊಮೀಟರಿಗೂ ಮೀರಿದ ವೇಗದ ರೈಲುಜಾಲ ಅನೇಕ ಹತ್ತಿರದ ವಾಯುಮಾರ್ಗಗಳನ್ನು ಬರಿದು ಮಾಡಿದೆ. ಫ್ರಾನ್ಸ್ 2023ರಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಪ್ಯಾರಿಸ್ ಓರ್ಲಿಯ ಮೂರು ಮಾರ್ಗಗಳ ವಿಮಾನಗಳನ್ನೇ ಕಾನೂನಿನಿಂದ ನಿಲ್ಲಿಸಿತು. ಜಪಾನಿನ ದೇಶೀಯ ವಿಮಾನಸೇವೆಯ ಶಿಸ್ತನ್ನು ಹೊಗಳುವವರು ಅದರ ಅರ್ಧ ಯಶಸ್ಸು ರೈಲಿನದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಂದಿವಲಿಯಿಂದ ಮಂಗಳೂರಿನ ಲೆಕ್ಕ ಹಾಕಿದರೆ ಚಿತ್ರ ತಲೆಕೆಳಗು. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ವಿಮಾನ ನಿಲ್ದಾಣ ಸುಮಾರು 15 ಕಿಲೊಮೀಟರು. ಹಾರಾಟ ಒಂದೂವರೆ ಗಂಟೆ. ತಪಾಸಣೆ, ಕಾಯುವಿಕೆ, ಬಜಪೆ ನಿಲ್ದಾಣದಿಂದ ಊರಿಗೆ ಹೋಗುವ ದಾರಿ ಎಲ್ಲ ಸೇರಿ ಐದಾರು ಗಂಟೆಯಲ್ಲಿ ಮನೆ ಮುಟ್ಟಬಹುದು. ರೈಲಿನಲ್ಲಿ ಹೋಗುವವರು ಮೊದಲು ಊರಿನ ಇನ್ನೊಂದು ಮಗ್ಗುಲಿಗೆ, ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೋ ಠಾಣೆಗೋ ಹೋಗಬೇಕು. ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ವರ್ಷವೇ ಆರಂಭವಾದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಅಲ್ಲಿಂದ ಮಂಗಳೂರಿಗೆ ಸುಮಾರು 16 ಗಂಟೆ ತೆಗೆದುಕೊಳ್ಳುತ್ತದೆ. ಪಶ್ಚಿಮ ರೈಲ್ವೆಯ ಉಪನಗರಗಳಿಗೆ ಕೊಂಕಣದ ನಿಯತ ನೇರ ರೈಲು ಸಿಕ್ಕಿದ್ದು 2024ರ ಆಗಸ್ಟ್ 29ರಂದು, ಬಾಂದ್ರಾ–ಮಡಗಾಂವ್ ಎಕ್ಸ್‌ಪ್ರೆಸ್ ರೂಪದಲ್ಲಿ. ಕಾಂದಿವಲಿಗೆ ಪಕ್ಕದ ಬೊರಿವಲಿಯಲ್ಲಿ ಅದು ನಿಲ್ಲುತ್ತದೆ, ಆದರೆ ಗೋವೆಯಲ್ಲೇ ಮುಗಿಯುತ್ತದೆ. ಮಳೆಗಾಲಕ್ಕೆ ಕೊಂಕಣ ಮಾರ್ಗದಲ್ಲಿ ಬೇರೆಯೇ ನಿಧಾನದ ವೇಳಾಪಟ್ಟಿ. ರಾತ್ರಿಯ ಸ್ಲೀಪರ್ ಬಸ್ಸುಗಳು ಪುಣೆ, ಕೊಲ್ಹಾಪುರ, ಬೆಳಗಾವಿ ಕಡೆಯಿಂದ ಸುತ್ತಿ ಹೋಗುತ್ತವೆ. ಐದಾರು ಗಂಟೆಗೂ ಇಪ್ಪತ್ತು ಗಂಟೆಗೂ ಇರುವ ಈ ಅಂತರವೇ ಗಣೇಶ ಚತುರ್ಥಿ, ಮೇ ರಜೆ, ಕ್ರಿಸ್‌ಮಸ್ ವಾರಗಳಲ್ಲಿ ದರ ಮೇಲೇರಲು ಕಾರಣ. ಸಾವಿಗೋ ಕಾಯಿಲೆಗೋ ಹೊರಟವರಿಗೆ ರೈಲು ಬದಲಿಯೇ ಅಲ್ಲ. ಅವರು ಕೇಳಿದಷ್ಟು ಕೊಡುತ್ತಾರೆ.

ದರಕ್ಕೆ ಮಿತಿ ಹಾಕಿಬಿಡಬಹುದಲ್ಲ ಎಂಬ ಸಲಹೆ ಸಹಜವಾಗಿ ಬರುತ್ತದೆ. ಭಾರತ 2020ರ ಮೇ ತಿಂಗಳಿನಿಂದ 2022ರ ಆಗಸ್ಟ್ ಕೊನೆಯವರೆಗೆ ಕನಿಷ್ಠ ಮತ್ತು ಗರಿಷ್ಠ ದರಗಳನ್ನು ವಿಧಿಸಿತ್ತು. ಇಂಡೊನೇಷ್ಯಾ ಇಂದಿಗೂ ಎಕಾನಮಿ ಆಸನಗಳಿಗೆ ಮೇಲ್ಮಿತಿ, ಕೆಳಮಿತಿ ಇಟ್ಟಿದೆ. ಇದಕ್ಕೆ ಎದುರಾಗುವ ಆಕ್ಷೇಪ ಗಟ್ಟಿಯಾದದ್ದು: ಮಿತಿ ಬಿದ್ದ ಮಾರ್ಗದಿಂದ ಸಂಸ್ಥೆ ವಿಮಾನವನ್ನೇ ತೆಗೆದುಕೊಂಡು ಹೋಗಬಹುದು, ಆಗ ದುಬಾರಿ ಟಿಕೆಟೂ ಇಲ್ಲವಾಗುತ್ತದೆ. ಕೆಳಮಿತಿಯಂತೂ ಪ್ರಯಾಣಿಕನಿಂದ ಅಗ್ಗದ ಆಸನವನ್ನು ಕಸಿಯುತ್ತದೆ. ಈ ಆಕ್ಷೇಪ ಖಾಯಂ ಮಿತಿಗೆ ಸಲ್ಲುತ್ತದೆ. ಆಪತ್ತಿನ ಕೆಲವೇ ದಿನಗಳ ಮಿತಿಗೆ ಸಲ್ಲುವುದಿಲ್ಲ, ಏಕೆಂದರೆ ಅಷ್ಟರಲ್ಲಿ ವೇಳಾಪಟ್ಟಿ ಬದಲಾಗುವುದಿಲ್ಲ. ಅಮೆರಿಕದಲ್ಲಿ ರೈಲಿಲ್ಲದೆಯೂ ಅಗ್ಗದ ದರಗಳಿವೆ ಎಂಬ ಮಾತೂ ಉಂಟು. ಅದು ಅನೇಕ ಸಂಸ್ಥೆಗಳು ಹಾರುವ ದೊಡ್ಡ ಊರುಗಳ ಮಟ್ಟಿಗೆ ನಿಜ; ಅಲ್ಲಿ ರೈಲಿನ ಕೆಲಸವನ್ನು ಎಷ್ಟೋ ಪಾಲು ಕಾರು ಮಾಡುತ್ತದೆ. ಕರಾವಳಿಯ ಕನ್ನಡಿಗನಿಗೆ ಮುಂಬಯಿಯಿಂದ ಕಾರಿನಲ್ಲಿ ಹೊರಟರೂ ರಾತ್ರಿ ಹಗಲು ಹಿಡಿಯುತ್ತದೆ.

ಹಾಗಾದರೆ ವಿಮಾನದ ಗೊಡವೆ ಬಿಟ್ಟು ರೈಲನ್ನೇ ಸುಧಾರಿಸಬಾರದೇ? ಸುಧಾರಿಸಬೇಕು, ಹೆಚ್ಚು ಜನಕ್ಕೆ ಪ್ರಯೋಜನವಾಗುವುದೂ ಅದರಿಂದಲೇ. ಆದರೆ ತೊಂಬತ್ತಕ್ಕೂ ಹೆಚ್ಚು ಸುರಂಗಗಳ ಕೊಂಕಣ ಮಾರ್ಗ ಬಹುಪಾಲು ಒಂಟಿ ಹಳಿಯದು. ಜೋಡಿ ಹಳಿ ರೋಹಾದಿಂದ ವೀರ್‌ವರೆಗೆ ಸುಮಾರು 47 ಕಿಲೊಮೀಟರು 2021ರಲ್ಲಿ ಸಿದ್ಧವಾಯಿತು. ಮುಂದಿನ ಕೆಲಸ ವರ್ಷಗಟ್ಟಲೆಯದು. ಅದಾಗುವವರೆಗೆ ಪ್ರಯಾಣಿಕನ ರಕ್ಷಣೆ ಕಾನೂನಿನಿಂದಲೇ ಬರಬೇಕು.

ಪ್ರಯಾಣಿಕರ ಹಕ್ಕು

ಯುರೋಪಿನ 2004ರ 261ನೆಯ ನಿಯಮದಂತೆ 1,500 ಕಿಲೊಮೀಟರಿನೊಳಗಿನ ವಿಮಾನವನ್ನು ಸಂಸ್ಥೆಯ ತಪ್ಪಿನಿಂದ ಕೊನೆಗಳಿಗೆಯಲ್ಲಿ ರದ್ದು ಮಾಡಿದರೆ 250 ಯೂರೊ ಪರಿಹಾರ. ಟಿಕೆಟು ಎಷ್ಟೇ ಅಗ್ಗವಾಗಿರಲಿ, ಮೊತ್ತ ಬದಲಾಗುವುದಿಲ್ಲ. ಮೂರು ಗಂಟೆಯ ವಿಳಂಬಕ್ಕೂ ಇದು ಅನ್ವಯಿಸುತ್ತದೆಂದು ಒಕ್ಕೂಟದ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ಭಾರತದಲ್ಲಿ ಡಿಜಿಸಿಎ ನಿಯಮ 2010ರಿಂದ ಇದೆ. ಅದರಂತೆ ಒಂದರಿಂದ ಎರಡು ಗಂಟೆಯ ಹಾರಾಟ ರದ್ದಾದರೆ 7,500 ರೂಪಾಯಿ ಅಥವಾ ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮುಂಬಯಿ–ಮಂಗಳೂರು ಸೇರುವುದು ಈ ಮೆಟ್ಟಿಲಿಗೆ. ವಿಳಂಬಕ್ಕೆ ಊಟ ತಿಂಡಿ, ಆರು ಗಂಟೆ ಮೀರುವುದಾದರೆ ಬೇರೆ ವಿಮಾನ ಅಥವಾ ಹಣ ವಾಪಸಾತಿ, ಇರುಳಿನ ಸಂದರ್ಭದಲ್ಲಿ ಹೋಟೆಲು ಉಂಟು. ನಗದು ಪರಿಹಾರ ಇಲ್ಲ. ಯಾವುದು ಕಡಿಮೆಯೋ ಅದು ಎಂಬ ಮಾತಿನಲ್ಲೇ ಎರಡು ಕಾನೂನುಗಳ ತಾತ್ವಿಕ ಅಂತರ ಅಡಗಿದೆ. ಯುರೋಪು ಪ್ರಯಾಣಿಕನ ಕಳೆದುಹೋದ ಹೊತ್ತಿಗೆ ಬೆಲೆ ಕಟ್ಟುತ್ತದೆ, ಭಾರತ ಅವನು ಕೊಂಡ ಟಿಕೆಟಿಗೆ. ತಿಂಗಳುಗಳ ಮೊದಲೇ ಅಗ್ಗವಾಗಿ ಟಿಕೆಟು ಕೊಂಡವನು ರದ್ದಾದ ದಿನ ಸಿಗುವ ಪರಿಹಾರದಲ್ಲಿ ಬದಲಿ ಟಿಕೆಟು ಕೊಳ್ಳಲಾರ.

ಅಮೆರಿಕದಲ್ಲೂ ವಿಳಂಬಕ್ಕೆ ನಗದು ಪರಿಹಾರದ ಕಾನೂನಿಲ್ಲ, ಆದ್ದರಿಂದ ಭಾರತ ಹಿಂದುಳಿದಿಲ್ಲ ಎಂದು ವಾದಿಸಬಹುದು. ಆದರೆ ಅಲ್ಲಿ ದಂಡಕ್ಕೆ ಹಲ್ಲಿದೆ. 2022ರ ಡಿಸೆಂಬರಿನಲ್ಲಿ ಸೌತ್‌ವೆಸ್ಟ್ ಸಂಸ್ಥೆ 16,000ಕ್ಕೂ ಹೆಚ್ಚು ವಿಮಾನಗಳನ್ನು ರದ್ದು ಮಾಡಿದಾಗ ಅಮೆರಿಕದ ಸಾರಿಗೆ ಇಲಾಖೆ ವರ್ಷದ ಬಳಿಕ 14 ಕೋಟಿ ಡಾಲರಿನ ದಂಡ ವಿಧಿಸಿತು. ಪರಿಹಾರದ ಕಾನೂನು ದರ ಏರಿಸುತ್ತದೆ ಎಂಬುದು ಸಂಸ್ಥೆಗಳ ಹಳೆಯ ಆಕ್ಷೇಪ. ಸ್ವಲ್ಪ ಮಟ್ಟಿಗೆ ಏರಿಸಬಹುದು. ಆದರೂ ಆ ಕಾನೂನಿರುವ ಯುರೋಪಿನಲ್ಲೇ ರಯನೇರ್‌ನಂಥ ಅಗ್ಗದ ಸಂಸ್ಥೆಗಳು ಇಪ್ಪತ್ತು ವರ್ಷ ಬೆಳೆದಿವೆ ಎಂಬುದು ಅದಕ್ಕೆ ಸಾಕಾದ ಉತ್ತರ.

ಬಳಕೆ

ಮುಂಬಯಿ–ಮಂಗಳೂರು ವಿಮಾನವನ್ನು ಬಳಸುವವರು ಹೋಟೆಲು ಮತ್ತು ಇತರ ಉದ್ಯಮದವರು, ಮಣಿಪಾಲ ಮಂಗಳೂರುಗಳಲ್ಲಿ ಓದುವ ವಿದ್ಯಾರ್ಥಿಗಳು, ಅಲ್ಲಿನ ಆಸ್ಪತ್ರೆಗಳಿಗೆ ಬರುವ ರೋಗಿಗಳು, ಮದುವೆ, ಭೂತಕೋಲ, ನಾಗಾರಾಧನೆ, ಉತ್ತರಕ್ರಿಯೆಗೆ ಹೊರಟ ಕುಟುಂಬಗಳು. ಕೊಂಕಣ ರೈಲ್ವೆ ಬರುವ ಮುನ್ನ ಕರಾವಳಿಯವರಿಗೆ ಮುಂಬಯಿಗೆ ನೇರ ರೈಲುದಾರಿಯೇ ಇರಲಿಲ್ಲವಾದ್ದರಿಂದ ವಿಮಾನದ ಹಂಬಲ ಇಲ್ಲಿ ಹಳೆಯದು. ಆದರೆ ಬಜಪೆಯ ಮೊದಲ ರನ್‌ವೇ ಗುಡ್ಡದ ನೆತ್ತಿಯ ಮೇಲಿನ 1,615 ಮೀಟರು ಮಾತ್ರ; ದೊಡ್ಡ ವಿಮಾನಗಳಿಗೆ ಅದು ಸಾಲದು. 2,450 ಮೀಟರಿನ ಎರಡನೆಯ ರನ್‌ವೇ 2006ರಲ್ಲಿ ಬಂದ ಮೇಲೆ ಅದೇ ವರ್ಷ ದುಬೈಗೆ ನೇರ ವಿಮಾನ ಹಾರಿ, ಕೊಲ್ಲಿ ಪ್ರಯಾಣಿಕರು ಮುಂಬಯಿಯಲ್ಲಿ ಇಳಿದು ಹತ್ತುವುದು ತಪ್ಪಿತು. 2010ರ ಮೇ 22ರಂದು ಇದೇ ನಿಲ್ದಾಣದಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ನೇಪಾಳದ ಬೆಟ್ಟದ ನಿಲ್ದಾಣ ಲುಕ್ಲಾದಂತೆ ಇಲ್ಲಿಯೂ ನೆಲದ ಸ್ವರೂಪ ಸೇವೆಯ ಎಲ್ಲೆಯನ್ನು ಗೆರೆ ಎಳೆದು ತೋರಿಸಿದೆ.

ಈಗಿನ ಸ್ಥಿತಿ

ಭಾರತ ಇಂದು ಅಮೆರಿಕ, ಚೀನಾಗಳ ಬಳಿಕ ಮೂರನೆಯ ದೊಡ್ಡ ದೇಶೀಯ ವಿಮಾನ ಮಾರುಕಟ್ಟೆ. 2024ರಲ್ಲಿ 16 ಕೋಟಿಗೂ ಹೆಚ್ಚು ಪ್ರಯಾಣಿಕರು ಹಾರಿದರು. ಆದರೆ 1990ರ ದಶಕದ ಈಸ್ಟ್ ವೆಸ್ಟ್, ದಮಾನಿಯಾಗಳಿಂದ ಹಿಡಿದು ಬೆಂಗಳೂರಿನಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್, 2012ರಲ್ಲಿ ನಿಂತ ಕಿಂಗ್‌ಫಿಷರ್, 2019ರಲ್ಲಿ ನಿಂತ ಜೆಟ್ ಏರ್‌ವೇಸ್, 2023ರಲ್ಲಿ ನಿಂತ ಗೋ ಫಸ್ಟ್‌ವರೆಗೆ ಸಂಸ್ಥೆಗಳು ಒಂದರ ಹಿಂದೆ ಒಂದು ಕಣ್ಮರೆಯಾಗಿವೆ. 2024ರ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿತು. ಈಗ ಇಂಡಿಗೊ ಒಂದಕ್ಕೇ ಶೇ 60ಕ್ಕೂ ಮೀರಿದ ಪಾಲು. ಟಾಟಾ ಸಮೂಹದ ಏರ್ ಇಂಡಿಯಾ ಬಳಗಕ್ಕೆ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು. ಆಸ್ಟ್ರೇಲಿಯವೂ ಸುತ್ತಿ ಬಂದು ನಿಂತಿರುವುದು ಇಲ್ಲಿಯೇ: 2024ರಲ್ಲಿ ಬೊನ್ಜಾ ಮುಚ್ಚಿ, ರೆಕ್ಸ್ ಸಂಸ್ಥೆ ಮಹಾನಗರಗಳ ಜೆಟ್ ಸೇವೆ ನಿಲ್ಲಿಸಿದ ಮೇಲೆ ಉಳಿದವು ಕ್ವಾಂಟಸ್ ಮತ್ತು ವರ್ಜಿನ್ ಬಳಗಗಳು. ಮುಖ್ಯ ಮಾರ್ಗದಲ್ಲಿ ಎರಡು ಬಳಗಗಳಿದ್ದರೆ ದಿನಕ್ಕೆ ಹತ್ತಾರು ವಿಮಾನಗಳ ಆಯ್ಕೆಯಾದರೂ ಇರುತ್ತದೆ. ನಡುವಣ ಮಾರ್ಗದಲ್ಲಿ ಎರಡು ಬಳಗ ಎಂದರೆ ಒಂದು ಕೆಟ್ಟರೆ ಉಳಿಯುವುದು ಕೆಲವೇ ಆಸನ.

ಇದು 2025ರ ಡಿಸೆಂಬರಿನಲ್ಲಿ ಬಯಲಾಯಿತು. ಪೈಲಟ್‌ಗಳ ವಿಶ್ರಾಂತಿಯನ್ನು ಹೆಚ್ಚಿಸುವ, ಇರುಳಿನ ಇಳಿತವನ್ನು ಕಡಿಮೆ ಮಾಡುವ ನಿಯಮಗಳ ಎರಡನೆಯ ಹಂತ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ಅದಕ್ಕೆ ಬೇಕಾದಷ್ಟು ಸಿಬ್ಬಂದಿ ಇಲ್ಲದೆ ಇಂಡಿಗೊ ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದು ಮಾಡಿತು. ಉಳಿದ ಆಸನಗಳ ದರ ಗಗನಕ್ಕೇರಿತು. ಮರುದಿನ ಸರ್ಕಾರ 500 ಕಿಲೊಮೀಟರಿನವರೆಗೆ 7,500, ಸಾವಿರದವರೆಗೆ 12,000, ಒಂದೂವರೆ ಸಾವಿರದವರೆಗೆ 15,000, ಅದಕ್ಕೂ ಮೀರಿದರೆ 18,000 ರೂಪಾಯಿ ಎಂದು ಮಿತಿ ಹಾಕಿತು. ಮಂಗಳೂರಿನ ಪಾಲಿಗೆ ಬಂದದ್ದು 12,000ದ ಮಿತಿ. ಒಂದು ಕಡೆ ರದ್ದತಿಗೆ ಹೆಚ್ಚೆಂದರೆ 7,500, ಇನ್ನೊಂದು ಕಡೆ ಬದಲಿ ಟಿಕೆಟಿಗೆ ಸರ್ಕಾರವೇ ಒಪ್ಪಿದ ಮೇಲ್ಮಿತಿ 12,000. ಅಗ್ಗದ ಟಿಕೆಟು ಕೊಂಡಿದ್ದ ಪ್ರಯಾಣಿಕ, ಅದರ ಹಣ ವಾಪಸಾದರೂ, ಉಳಿದ ವ್ಯತ್ಯಾಸವನ್ನು ತಾನೇ ತುಂಬಬೇಕಾದದ್ದು ಅಂದಿನ ನಿಯಮಗಳ ಫಲಿತಾಂಶ. ವಿಶ್ರಾಂತಿಯ ನಿಯಮವೇ ಇದಕ್ಕೆ ಕಾರಣ, ಅದನ್ನು ಸಡಿಲಿಸಿದರೆ ಸರಿಹೋಗುತ್ತದೆ ಎಂಬ ವಾದವನ್ನು ಒಪ್ಪಲಾಗದು. ದಣಿದ ಪೈಲಟ್ ನಡೆಸುವ ವಿಮಾನ ಯಾವ ದರಕ್ಕೂ ಅಗ್ಗವಲ್ಲ, ಮತ್ತು ಅದೇ ನಿಯಮದಡಿ ಉಳಿದ ಸಂಸ್ಥೆಗಳು ಹಾರುತ್ತಲೇ ಇದ್ದವು.

ಸ್ಲಾಟ್‌ಗಳ ಇಕ್ಕಟ್ಟಿಗೆ ಉತ್ತರವೆಂದು ಕಟ್ಟಿದ ನವಿ ಮುಂಬಯಿ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ ಡಿಸೆಂಬರ್ 25ರಿಂದ ವಿಮಾನಗಳಿಗೆ ತೆರೆಯಿತು. ಮುಂಬಯಿಯ ಎರಡೂ ನಿಲ್ದಾಣಗಳು ಮತ್ತು ಮಂಗಳೂರಿನ ನಿಲ್ದಾಣ ಈಗ ಅದಾನಿ ಸಮೂಹದ ನಿರ್ವಹಣೆಯಲ್ಲಿವೆ. ಹೊಸ ನಿಲ್ದಾಣ ಪನ್ವೇಲ್ ಕಡೆಯವರಿಗೆ ಹತ್ತಿರ; ಕಾಂದಿವಲಿಗೆ ಹಳೆಯ ನಿಲ್ದಾಣದ ಮೂರು ಪಟ್ಟಿಗಿಂತ ಹೆಚ್ಚು ದೂರ. ಟೋಕಿಯೊದ ಹನೇಡಾ–ನಾರಿಟಾ, ಲಂಡನ್ನಿನ ಹಲವು ನಿಲ್ದಾಣಗಳಂತೆ ಇಲ್ಲಿಯೂ ಯಾವ ಮಾರ್ಗ ಊರೊಳಗೆ ಉಳಿಯುತ್ತದೆ, ಯಾವುದು ಹೊರಗೆ ಹೋಗುತ್ತದೆ ಎಂಬ ಪ್ರಶ್ನೆ ಏಳಲಿದೆ. ಸ್ಲಾಟ್ ಬೆಲೆಯುಳ್ಳ ಹಳೆಯ ನಿಲ್ದಾಣದಲ್ಲಿ ಮುಖ್ಯ ಮಾರ್ಗಗಳನ್ನು ಇಟ್ಟುಕೊಂಡು ನಡುವಣ ಮಾರ್ಗಗಳನ್ನು ಖಾಡಿಯಾಚೆಯ ಹೊಸ ನಿಲ್ದಾಣಕ್ಕೆ ಸಾಗಿಸುವುದು ಸಂಸ್ಥೆಗಳಿಗೆ ಲಾಭದ ದಾರಿ. ಹಾಗಾದರೆ ಪಶ್ಚಿಮ ಉಪನಗರಗಳ ಮಂಗಳೂರು ಪ್ರಯಾಣಿಕರಿಗೆ ಐದಾರು ಗಂಟೆಯ ದಾರಿ ಇನ್ನಷ್ಟು ಉದ್ದವಾಗುತ್ತದೆ. ಕಾಂದಿವಲಿಯ ಎರಡೂ ಬದಿ 2ಎ ಮತ್ತು 7ನೆಯ ಮೆಟ್ರೊ ಮಾರ್ಗಗಳು 2022–23ರಿಂದ ಓಡುತ್ತಿವೆ, ಅಂಧೇರಿಯಿಂದ ಹಳೆಯ ನಿಲ್ದಾಣದ ಟರ್ಮಿನಲ್ 2ಕ್ಕೆ ಮೆಟ್ರೊ 7ಎ ಕಾಮಗಾರಿ ನಡೆದಿದೆ. ಜಪಾನ್ ಹನೇಡಾದಲ್ಲಿ ಮಾಡಿದಂತೆ ಕೆಲವು ಸ್ಲಾಟ್‌ಗಳನ್ನು ಇಂಥ ಊರುಗಳಿಗೆ ಮೀಸಲಿಡುವ ನಿಯಮ ಭಾರತದಲ್ಲಿ ಬಂದರೆ ಮಾತ್ರ ಆ ಮೆಟ್ರೊ ಹತ್ತಿದವರಿಗೆ ಅದರ ಕೊನೆಯಲ್ಲಿ ಮಂಗಳೂರಿನ ವಿಮಾನವೂ ಸಿಕ್ಕೀತು.